ನಾನೇ ಟೈಪ್ ಮಾಡಿದ 14ನೇ ಪ್ಯಾರಾ

ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಕೂಗಳತೆ ದೂರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಜೆರಾಕ್ಸ್, ಪಹಣಿ, ಇ.ಸಿ. ಅರ್ಜಿ, ಕ್ರಯಪತ್ರದ ಟೈಪಿಂಗ್, ಇಷ್ಟೇ ನನ್ನ ಜೀವನ. ದಾವಣಗೆರೆ ಸುತ್ತಮುತ್ತ ಎಷ್ಟು ಭತ್ತದ ಗದ್ದೆ, ಎಷ್ಟು ಮೆಕ್ಕೆಜೋಳದ ಹೊಲ ಬಡಾವಣೆ ಆದವು ಅಂತ ತಿಳಿಯಬೇಕಾದರೆ ನನ್ನ ಕಂಪ್ಯೂಟರಿನ ಫೋಲ್ಡರುಗಳನ್ನು ನೋಡಿದರೆ ಸಾಕು. ಇವತ್ತು ಬರೆಯುತ್ತಿರುವುದು ಅಂಥದ್ದೇ ಒಂದು ಫೋಲ್ಡರಿನಲ್ಲಿ ಸಿಕ್ಕ ಪ್ಯಾರಾ ಬಗ್ಗೆ. ಟೈಪ್ ಮಾಡಿದವನು ನಾನೇ. ಓದದೆ ಟೈಪ್ ಮಾಡಿದ್ದೆ.

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, 2016ರಲ್ಲಿ ಊರಾಚೆ ಒಂದು ಖಾಸಗಿ ಲೇಔಟಿನಲ್ಲಿ 30/40 ಸೈಟು ತಗೊಂಡಿದ್ದರು. ಈಗ ಮಗಳ ಓದಿಗೆ ದುಡ್ಡು ಬೇಕು, ಮಾರೋಣ ಅಂತ ಹೊರಟರು. ಪಾರ್ಟಿ ಸಿಕ್ಕಿತು, 30 ಲಕ್ಷಕ್ಕೆ ಮಾತಾಯಿತು, ಅಡ್ವಾನ್ಸೂ ಬಂತು. ಅಷ್ಟರಲ್ಲಿ ಪಾರ್ಟಿಗೆ ಸಾಲ ಕೊಡುವ ಬ್ಯಾಂಕಿನವರು ಹಳೇ ಪತ್ರ ಓದಿ, ಲೇಔಟ್ ಮಾಡಿದವರಿಂದ ಎನ್‌ಒಸಿ ತನ್ನಿ ಅಂದರು. ಮಾವ ಲೇಔಟಿನ ಆಫೀಸಿಗೆ ಹೋದರೆ ಅಲ್ಲಿ ಕೂತಿದ್ದ ಹುಡುಗ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದನಂತೆ. ಚದರಡಿಗೆ 100 ರೂಪಾಯಿ, 1200 ಅಡಿಗೆ 1,20,000. "ಟ್ರಾನ್ಸ್‌ಫರ್ ಫೀ ಅಂಕಲ್, ನಿಮ್ಮ ಪತ್ರದಲ್ಲೇ ಇದೆ ನೋಡಿ, 14ನೇ ಪ್ಯಾರಾ."

ಸಂಜೆ ಮಾವ ಪತ್ರ ಹಿಡಿದುಕೊಂಡು ಅಂಗಡಿಗೆ ಬಂದರು. "ಏನೋ ಅಳಿಯ, ಇದು ನಿನ್ನ ಕೈಯಿಂದಲೇ ಬಂದದ್ದಲ್ವಾ?" ಅಂತ ಕೇಳಿದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಕೂತು ಓದಿದೆ. ಎರಡನೇ ಪುಟದಲ್ಲಿ ಕ್ರಯಪತ್ರದ ಮಾಮೂಲಿ ಮಾತು. ನಾನು ಕಣ್ಣು ಮುಚ್ಚಿಕೊಂಡು ಹೊಡೆಯುವ ಸಾಲು: "ನೀವು ನಿಮ್ಮ ಪುತ್ರ ಪೌತ್ರ ಪಾರಂಪರ್ಯವಾಗಿ, ನಿಧಿ ನಿಕ್ಷೇಪ ಜಲ ತರು ಪಾಷಾಣಾದಿ ಸಕಲ ಹಕ್ಕುಗಳ ಸಹಿತ, ದಾನ ವಿನಿಮಯ ವಿಕ್ರಯಗಳಿಗೆ ಯೋಗ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು." ನೆಲದೊಳಗಿನ ನಿಧಿಯಿಂದ ಹಿಡಿದು ಕಲ್ಲಿನವರೆಗೆ ಎಲ್ಲ ನಿನ್ನದು, ದಾನ ಮಾಡು, ಮಾರು, ನಿನ್ನಿಷ್ಟ. ಐದನೇ ಪುಟದ 14ನೇ ಪ್ಯಾರಾಕ್ಕೆ ಬಂದರೆ ಬೇರೆಯೇ ರಾಗ: "ಖರೀದಿದಾರರಾಗಲೀ ಅವರ ವಾರಸುದಾರರಾಗಲೀ ಸದರಿ ಸ್ವತ್ತನ್ನು ಮುಂದೆ ಯಾರಿಗೇ ಪರಭಾರೆ ಮಾಡಿದರೂ, ಪ್ರತಿ ಸಲವೂ, ಆ ವೇಳೆಗೆ ನಿಗದಿಯಾದ ವರ್ಗಾವಣೆ ಶುಲ್ಕವನ್ನು ಮಾರಾಟಗಾರರಿಗೆ ಪಾವತಿಸಿ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು."

ಎಷ್ಟು ಅಂತ ಇಲ್ಲ. ಎಷ್ಟು ವರ್ಷ ಅಂತ ಇಲ್ಲ. ಯಾರು ನಿಗದಿ ಮಾಡೋದು ಅಂತಲೂ ಇಲ್ಲ. ಸಂತೆಯಲ್ಲಿ ಎಮ್ಮೆ ಮಾರಿ, ದುಡ್ಡು ಎಣಿಸಿಕೊಂಡು, ಇನ್ನು ಮುಂದೆ ಈ ಎಮ್ಮೆ ಯಾರ ಕೊಟ್ಟಿಗೆಗೆ ಹೋದರೂ ನನಗೊಂದು ಪಾಲು ಕೊಟ್ಟೇ ಹೋಗಬೇಕು ಅಂದರೆ ಯಾರಾದರೂ ಒಪ್ಪುತ್ತಾರಾ? ಸೈಟಿನ ವಿಷಯದಲ್ಲಿ ಮಾತ್ರ ತಲೆಬಗ್ಗಿಸಿ ಸಹಿ ಹಾಕುತ್ತೇವೆ. ನಾನಂತೂ ಅದನ್ನು ಕಾಪಿ ಪೇಸ್ಟ್ ಮಾಡಿ ಕೊಟ್ಟವನು. ಒಂದು ಪತ್ರದಲ್ಲಿ ಬಂದದ್ದು ಹೆಸರು, ಚಕ್ಕುಬಂದಿ ಬದಲಾಗಿ ನೂರು ಪತ್ರಕ್ಕೆ ಹೋಗುತ್ತದೆ.

ಸರ್ಕಾರ ತಗೊಳ್ಳೋದೇ ಕಮ್ಮಿ ಇದೆಯಾ? ಸೈಟಿಗೆ ಮುದ್ರಾಂಕ ಶುಲ್ಕ 5%. ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ಇನ್ನೊಂದು 0.6%. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2% ಮಾಡಿದರು. ಒಟ್ಟು 7.6%, ಅಂದರೆ 30 ಲಕ್ಷಕ್ಕೆ 2,28,000. ಬೈದುಕೊಂಡಾದರೂ ಕಟ್ಟುತ್ತೇವೆ, ಯಾಕಂದರೆ ಅದಕ್ಕೆ ವಿಧಾನಸಭೆಯಲ್ಲಿ ಆದ ಕಾನೂನಿದೆ, ದರ ಎಲ್ಲರಿಗೂ ಗೊತ್ತು, ಚಲನ್ ಸಿಗುತ್ತದೆ. ಇದರ ಜೊತೆ ಒಬ್ಬ ಖಾಸಗಿ ಆಸಾಮಿ ತನ್ನದೇ ಒಂದು 4% ಇಟ್ಟುಕೊಂಡರೆ ಅದನ್ನು ಏನಂತ ಕರೆಯೋದು?

ಗೊತ್ತಿರುವ ವಕೀಲರೊಬ್ಬರನ್ನು ಕೇಳಿದೆ. ಅವರು ಹೇಳಿದ್ದು ಅರ್ಧ ಸಮಾಧಾನ, ಅರ್ಧ ತಲೆನೋವು. 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಕೋರ್ಟಿನ ಭಾಷೆಯಲ್ಲಿ ಟಿಪಿ ಆಕ್ಟ್, ಅದರ 10ನೇ ಕಲಮಿನ ಪ್ರಕಾರ ಸ್ವತ್ತು ಕೊಟ್ಟು ಅದನ್ನು ಪರಭಾರೆ ಮಾಡಲೇಬಾರದು ಅಂತ ಪೂರ್ತಿ ಕಟ್ಟಿಹಾಕುವ ಷರತ್ತು ನಿಲ್ಲುವುದಿಲ್ಲ. 11ನೇ ಕಲಮು ಇನ್ನೂ ಸೊಗಸಾಗಿದೆ: ಹಕ್ಕನ್ನು ಪೂರ್ತಿಯಾಗಿ ಕೊಟ್ಟಾದ ಮೇಲೆ ಹೀಗೇ ಅನುಭವಿಸು ಅಂತ ಕಟ್ಟಪ್ಪಣೆ ಹಾಕಿದ್ದರೆ, ತಗೊಂಡವನು ಆ ಅಪ್ಪಣೆಯೇ ಇಲ್ಲವೇನೋ ಅನ್ನುವ ಹಾಗೆ ನಡೆದುಕೊಳ್ಳಬಹುದು. ಎರಡನೇ ಪುಟ ಮತ್ತು ಐದನೇ ಪುಟದ ಜಗಳಕ್ಕೆ ನೂರ ನಲವತ್ತು ವರ್ಷದ ಹಿಂದೆಯೇ ಉತ್ತರ ಬರೆದಿಟ್ಟ ಹಾಗಿದೆ, ಅಲ್ವಾ?

ಆದರೆ ವಕೀಲರು ಅಲ್ಲಿಗೇ ನಿಲ್ಲಿಸಲಿಲ್ಲ. "ಅವರು ಮಾರಬೇಡ ಅಂದಿಲ್ಲವಲ್ಲ, ದುಡ್ಡು ಕೊಟ್ಟು ಮಾರು ಅಂದಿದ್ದಾರೆ. ಇದು ಪೂರ್ತಿ ತಡೆ ಅಲ್ಲ ಅಂತ ವಾದ ಮಾಡ್ತಾರೆ. 40ನೇ ಕಲಮು ಹಿಡಿದುಕೊಂಡು, ಷರತ್ತು ಗೊತ್ತಿದ್ದೇ ತಗೊಂಡಿದ್ದೀರಿ ಅಂತಲೂ ಅನ್ನಬಹುದು. ಖಾಸಗಿ ಟ್ರಾನ್ಸ್‌ಫರ್ ಫೀ ಅಂತ ಹೆಸರು ಹಿಡಿದು ಇಷ್ಟೇ, ಇಲ್ಲಿಯವರೆಗೇ ಅನ್ನುವ ಸಾಲು ಈ ಕಾಯ್ದೆಯಲ್ಲಿ ಇಲ್ಲ" ಅಂದರು. ಕೋರ್ಟಿಗೆ ಹೋದರೆ ಗೆಲ್ಲಬಹುದು. ಆದರೆ 1,20,000ಕ್ಕೆ ಯಾರು ವರ್ಷಗಟ್ಟಲೆ ಅಲೆಯುತ್ತಾರೆ? ಪಾರ್ಟಿ ಅಲ್ಲಿಯತನಕ ಕಾಯುತ್ತಾನಾ? ಈ ಪ್ಯಾರಾದ ಶಕ್ತಿ ಇರುವುದೇ ಅಲ್ಲಿ. ಕಾನೂನಿನಲ್ಲಿ ನಿಲ್ಲದಿದ್ದರೂ ನಮ್ಮ ಅವಸರದಲ್ಲಿ ನಿಲ್ಲುತ್ತದೆ.

ಆಮೇಲೆ ನಾನೂ ಹುಡುಕಿ ಹುಡುಕಿ ಓದಿದೆ, ಒಂದು ವಾರ ಅಂಗಡಿಯಲ್ಲಿ ಅದೇ ಕೆಲಸ. ಈ ಚಟ ಹೊಸದೇನಲ್ಲ. ಬಂಗಾಳದ ಜಮೀನ್ದಾರರು ರೈತ ತನ್ನ ಹಿಡುವಳಿ ಮಾರಿದರೆ ಸಲಾಮಿ ಅಂತ ವಸೂಲಿ ಮಾಡುತ್ತಿದ್ದರು. 1928ರಲ್ಲಿ ಅದನ್ನು ಕಾನೂನಿನಲ್ಲೇ ಮಾರಾಟದ ಬೆಲೆಯ 20% ಅಂತ ಬರೆದರು, 1938ರಲ್ಲಿ ತೆಗೆದುಹಾಕಿದರು. ಅಮೆರಿಕದ ನ್ಯೂಯಾರ್ಕಿನಲ್ಲೂ ದೊಡ್ಡ ಜಹಗೀರುದಾರರಿದ್ದರು. ಅವರ ಒಕ್ಕಲು ಜಮೀನು ಮಾರಿದರೆ ಬೆಲೆಯಲ್ಲಿ ಕಾಲು ಭಾಗ ಧಣಿಗೆ. ಜನ ರೊಚ್ಚಿಗೆದ್ದರು, 1839ರಿಂದ ವರ್ಷಗಟ್ಟಲೆ ಗಲಾಟೆ ಆಯಿತು. ಕೊನೆಗೆ 1846ರಲ್ಲಿ ಆ ರಾಜ್ಯದ ಸಂವಿಧಾನದಲ್ಲೇ ಇನ್ನು ಮುಂದೆ ಇಂಥ ಕಾಲುಪಾಲು ನಡೆಯುವುದಿಲ್ಲ ಅಂತ ಬರೆದರು, 1852ರಲ್ಲಿ ಅಲ್ಲಿನ ದೊಡ್ಡ ಕೋರ್ಟು ಹಳೇ ಪತ್ರದಲ್ಲಿದ್ದದ್ದನ್ನೂ ಹೊಡೆದುಹಾಕಿತು.

ತಮಾಷೆ ಏನಂದರೆ ಅದೇ ಅಮೆರಿಕದಲ್ಲಿ ಈ ಶತಮಾನದಲ್ಲಿ ಅದು ಕೋಟು ಹಾಕಿಕೊಂಡು ವಾಪಸ್ ಬಂತು. ಮನೆ ಕಟ್ಟುವವರು ಪತ್ರದಲ್ಲಿ ಒಂದು ಷರತ್ತು ಸೇರಿಸಿದರು: ಈ ಮನೆ ಪ್ರತಿ ಸಲ ಕೈ ಬದಲಾದಾಗ 1%, ಅದೂ 99 ವರ್ಷ. ಮುಂದೆ ಬರುವ ಆ ದುಡ್ಡಿನ ಹಕ್ಕನ್ನು ಈಗಲೇ ಹೂಡಿಕೆದಾರರಿಗೆ ಮಾರಿ ಕಾಸು ಮಾಡುವ ಲೆಕ್ಕಾಚಾರವೂ ಇತ್ತು. ಮೊಮ್ಮಗ ಮಾರುವ ಮನೆಗೆ ಅಜ್ಜನ ಕಾಲದ ಬಿಲ್ಡರಿಗೆ ಪಾಲು! ಒಂದೊಂದೇ ರಾಜ್ಯ ಎಚ್ಚೆತ್ತುಕೊಂಡಿತು. ಟೆಕ್ಸಾಸ್ 2011ರಲ್ಲಿ, ಕೆಲವು ವಿನಾಯಿತಿ ಬಿಟ್ಟು, ಹೊಸದಾಗಿ ಇಂಥ ಷರತ್ತು ಹಾಕುವುದನ್ನೇ ನಿಲ್ಲಿಸಿತು. ಕ್ಯಾಲಿಫೋರ್ನಿಯಾದಲ್ಲಿ 2008ರಿಂದ, ಇಂಥ ಶುಲ್ಕ ಇದೆ ಅಂತ ಬೇರೆಯೇ ಒಂದು ಕಾಗದ ನೋಂದಣಿ ಆಗಬೇಕು, ಐದನೇ ಪುಟದಲ್ಲಿ ಬಚ್ಚಿಡುವ ಹಾಗಿಲ್ಲ. ನಿಜವಾದ ಪೆಟ್ಟು ಕೊಟ್ಟದ್ದು 2012ರ ಕೇಂದ್ರ ನಿಯಮ. ಅಲ್ಲಿ ಬ್ಯಾಂಕುಗಳ ಗೃಹಸಾಲವನ್ನು ಕೊಂಡುಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಅಂತ ಎರಡು ದೈತ್ಯ ಸಂಸ್ಥೆಗಳಿವೆ. 2011ರ ಫೆಬ್ರವರಿ 8ರಿಂದ ಈಚೆಗೆ ಇಂಥ ಷರತ್ತು ಹಾಕಿದ ಮನೆಯ ಸಾಲವನ್ನು ಅವು ಮುಟ್ಟುವ ಹಾಗಿಲ್ಲ ಅಂದರು. ಸಾಲ ಸಿಗದ ಮನೆಯನ್ನು ಯಾರು ಕೊಳ್ಳುತ್ತಾರೆ? ಮನೆ ಮಾಲೀಕರ ಸಂಘದಂಥ ಲಾಭಕ್ಕಲ್ಲದ ಸಂಸ್ಥೆಗೆ ಹೋಗಿ ಆ ಜಾಗಕ್ಕೇ ಉಪಯೋಗವಾಗುವ ದುಡ್ಡಿಗೆ ಮಾತ್ರ ವಿನಾಯಿತಿ.

ಆ ವಿನಾಯಿತಿ ನನಗೆ ನ್ಯಾಯ ಅನಿಸಿತು. ನಾನು ಎಲ್ಲ ಶುಲ್ಕಕ್ಕೂ ವಿರೋಧಿ ಅಲ್ಲ. ಅಪಾರ್ಟ್‌ಮೆಂಟಿನ ಸಂಘ ಹೊಸಬರ ಹೆಸರು ಸೇರಿಸಲು ಸ್ವಲ್ಪ ತಗೊಂಡು ಲಿಫ್ಟಿಗೋ ನೀರಿನ ಟ್ಯಾಂಕಿಗೋ ಹಾಕಿದರೆ ಅದು ಅಲ್ಲಿರುವವರದೇ ದುಡ್ಡು, ಅಲ್ಲಿಗೇ ಹೋಯಿತು. ಅದಕ್ಕೂ ಒಂದು ಮಿತಿ ಬೇಕು ಅನ್ನಿ. ಮಹಾರಾಷ್ಟ್ರದಲ್ಲಿ ಹೌಸಿಂಗ್ ಸೊಸೈಟಿಗಳು ಟ್ರಾನ್ಸ್‌ಫರ್ ಪ್ರೀಮಿಯಂ ಅಂತ ಬಾಯಿಗೆ ಬಂದಷ್ಟು ಕೇಳುತ್ತಿದ್ದಾಗ ಸರ್ಕಾರ 2001ರಲ್ಲಿ 25,000 ರೂಪಾಯಿ ಮೀರಬಾರದು ಅಂತ ಸುತ್ತೋಲೆ ಹೊರಡಿಸಿತು.

ನಮ್ಮ ಲೇಔಟಿನ ಕಥೆ ನೋಡಿ. ಒಪ್ಪಿಗೆ ಪಡೆದ ಬಡಾವಣೆಯಲ್ಲಿ ರಸ್ತೆ, ಪಾರ್ಕು ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಡಬೇಕು. ಬೀದಿದೀಪಕ್ಕೆ, ಚರಂಡಿಗೆ ನಾವು ಕಂದಾಯ ಕಟ್ಟುತ್ತೇವೆ. ಹಾಗಾದರೆ ಮಾವನ 1,20,000ದಲ್ಲಿ ಆ ಲೇಔಟಿಗೆ ಒಂದು ಬುಟ್ಟಿ ಮಣ್ಣಾದರೂ ಬೀಳುತ್ತದಾ? ಅದನ್ನೇ ಹೋಗಿ ಕೇಳಿದೆ. "ನೀರಿನ ಕನೆಕ್ಷನ್ ಹೆಸರು ಬದಲಾಯಿಸಬೇಕಲ್ಲ ಸರ್, ಬೋರು ನಮ್ಮದೇ" ಅಂದ ಆ ಹುಡುಗ. ತುಂಬಾ ನಯವಾಗಿ ಅಂದ. ಸಾಲದ ಕಾಗದ ಒಂದು ಕಡೆ, ನೀರು ಇನ್ನೊಂದು ಕಡೆ, ನಡುವೆ ನಮ್ಮ ಮಾವ.

ಚೌಕಾಸಿ ಆಯಿತು. 60,000ಕ್ಕೆ ಇಳಿಯಿತು. ಅರ್ಧಕ್ಕರ್ಧ ಇಳಿಯುವ ಶುಲ್ಕ ಅದೆಂಥ ಶುಲ್ಕವೋ, ಮಾರ್ಕೆಟ್ಟಿನಲ್ಲಿ ಸೀರೆ ಕೊಂಡ ಹಾಗೆ. ರಸೀದಿ ಕೇಳಿದೆವು. ಕೊಟ್ಟರು. ಅದರಲ್ಲಿ ಬರೆದದ್ದು "ವಂತಿಗೆ".

ನನ್ನ ಮಟ್ಟಿಗೆ ಕೇಳುವುದು ಜಾಸ್ತಿ ಏನಿಲ್ಲ. ಪೂರ್ತಿ ಕ್ರಯ ಮಾಡಿಕೊಟ್ಟ ಮೇಲೆ ಮಾರಿದವನಿಗೆ ಮುಂದಿನ ಮಾರಾಟದಲ್ಲಿ ಪಾಲಿಲ್ಲ ಅಂತ ನಮ್ಮ ರಾಜ್ಯದಲ್ಲಿ ಒಂದು ಸಾಲಿನ ಕಾನೂನು ಬರಲಿ. ಸಂಘದವರು ತಗೊಳ್ಳುವುದಿದ್ದರೆ ರೂಪಾಯಿಯಲ್ಲಿ ಮಿತಿ ಇರಲಿ. ಅಲ್ಲಿಯತನಕ ಬ್ಯಾಂಕಿನವರಾದರೂ ಎನ್‌ಒಸಿ ತನ್ನಿ ಅನ್ನುವ ಬದಲು ಈ ಷರತ್ತು ತೆಗೆಸಿಕೊಂಡು ಬನ್ನಿ ಅನ್ನಲಿ. ಅವರು ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಈ ಪ್ಯಾರಾ ಕಾಣೆಯಾಗುತ್ತದೆ.

ಈಗ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಟೈಪ್ ಆದ ಮೇಲೆ ಪತ್ರವನ್ನು ತಗೊಳ್ಳುವವರಿಗೆ ಜೋರಾಗಿ ಓದಿ ಹೇಳುತ್ತೇನೆ. ಟೈಮ್ ಹಿಡಿಯುತ್ತದೆ, ಹಿಂದೆ ನಿಂತ ಜೆರಾಕ್ಸಿನವರು ಗೊಣಗುತ್ತಾರೆ. ಹೋದ ವಾರ ಹಳ್ಳಿಯಿಂದ ಬಂದ ಒಬ್ಬ ಯಜಮಾನರು ಸೈಟು ತಗೊಳ್ಳುತ್ತಿದ್ದರು, ಬೇರೆ ಲೇಔಟು, ಆದರೆ ಪ್ಯಾರಾ ಅದೇ. ಓದಿ ಮುಗಿಸಿದೆ. ಅವರು ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆಗೆ ಒತ್ತರಿಸಿಕೊಂಡು, "ಅಲ್ಲಪ, ನಾನು ಸತ್ ಮ್ಯಾಲೆ ನನ್ ಮಗನ ಹೆಸರಿಗೆ ಮಾಡ್ಸಾಕೂ ಇವರಿಗೆ ರೊಕ್ಕ ಕಟ್ಬೇಕಾ?" ಅಂದರು. ಲೇಔಟಿನ ಹುಡುಗ ನನ್ನ ಮುಖ ನೋಡಿದ. ನಾನು ಸ್ಕ್ರೀನ್ ನೋಡಿದೆ. ಅವನು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು, "ತೆಗೀರಿ ಸರ್ ಅದನ್ನ, ಬೇಡವಂತೆ" ಅಂದ. ಐದು ನಿಮಿಷವೂ ಆಗಿರಲಿಲ್ಲ.

ಪ್ರಿಂಟ್ ತೆಗೆದು ಕೊಟ್ಟೆ. ಯಜಮಾನರು ಪುಟ ಎಣಿಸಿ, ಒಂದು ಪ್ಯಾರಾ ಕಮ್ಮಿ ಆಯ್ತಲ್ಲ, ಟೈಪಿಂಗ್ ಚಾರ್ಜು ಕಮ್ಮಿ ಮಾಡು ಅಂದರು. ಮಾಡಿದೆ.