ಯಾವ ರಾಸು ಗೆದ್ದಿತು, ಯಾಕೆ ಗೆದ್ದಿತು

ಈಸ್ಟರ್ ಹತ್ತಿರ ಬಂತೆಂದರೆ ನಾವು ಒಂದು ದಿನ ರಜೆ ಹಾಕಿ ಸಿಡ್ನಿಯ ರಾಯಲ್ ಈಸ್ಟರ್ ಶೋ ಎಂಬ ದೊಡ್ಡ ಕೃಷಿ ಪ್ರದರ್ಶನಕ್ಕೆ ಹೋಗುತ್ತೇವೆ. ಹೋದ ವರ್ಷ ಊರಿಂದ ಬಂದಿದ್ದ ಸೋದರಮಾವನೂ ಜೊತೆಗಿದ್ದರು. ದೊಡ್ಡಬಳ್ಳಾಪುರದ ಕಡೆಯವರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ತಪ್ಪಿಸಿದವರೇ ಅಲ್ಲ.

ಮಕ್ಕಳು ಜೈಂಟ್ ವೀಲ್ ಕಡೆ ಓಡಿದರು. ನಾವಿಬ್ಬರೂ ದನಗಳ ಅಂಗಳದ ಪಕ್ಕ ಕೂತೆವು. ಆಂಗಸ್ ತಳಿಯ ಹೋರಿಗಳು ಸಾಲಾಗಿ ಬಂದವು. ಮೈ ತೊಳೆದು, ಕೂದಲು ಬಾಚಿ ಫಳಫಳ ಹೊಳೆಯುತ್ತಿದ್ದವು. ತೀರ್ಪುಗಾರ ಒಂದೊಂದನ್ನೂ ಸುತ್ತಿ ನೋಡಿದ. ನಡೆಸಿ ಕಾಲು ನೋಡಿದ. ಮೊದಲು ಬಂದದ್ದಕ್ಕೆ ನೀಲಿ ರಿಬ್ಬನ್ ಕೊಟ್ಟ ಮೇಲೆ ಮೈಕ್ ಹಿಡಿದು, ಇದು ಯಾಕೆ ಮೊದಲು, ಅದು ಯಾಕೆ ಎರಡನೆಯದು ಅಂತ ಎಲ್ಲರ ಎದುರು ಬಿಡಿಸಿ ಹೇಳಿದ. ಬೆನ್ನು, ತೊಡೆ, ಹೆಜ್ಜೆ ಎಲ್ಲದರ ಲೆಕ್ಕ ಕೊಟ್ಟ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

"ಎಲ್ಲ ಸರಿ ಕಣಪ್ಪ, ಹೆಗಲ ಮೇಲೆ ಹಿಣಿಲೇ ಇಲ್ಲವಲ್ಲ. ನೊಗ ಎಲ್ಲಿ ನಿಲ್ಲುತ್ತೆ?" ಅಂದರು ಮಾವ.

ಇವು ಮಾಂಸಕ್ಕೆ ಸಾಕುವ ದನ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆತ ಹೇಳಿದ್ದು ನ್ಯಾಯವೇ" ಅಂದರು. ಕಾರಣ ಬಾಯಿ ಬಿಟ್ಟು ಹೇಳಿದ್ದರಿಂದಲೇ ಅಲ್ವಾ ಇಬ್ಬರ ಅಳತೆಗೋಲು ಬೇರೆ ಅಂತ ಅವರಿಗೆ ಗೊತ್ತಾದದ್ದು?

ಈ ಶೋಗೆ ಇನ್ನೂರು ವರ್ಷ ದಾಟಿದೆ. ನ್ಯೂ ಸೌತ್ ವೇಲ್ಸ್‌ನ ಕೃಷಿ ಸಂಘ ಶುರುವಾದದ್ದು 1822ರಲ್ಲಿ. ಮರುವರ್ಷವೇ ಪ್ಯಾರಮಾಟದಲ್ಲಿ ಮೊದಲ ಪ್ರದರ್ಶನ. 1882ರಿಂದ 1997ರವರೆಗೆ ಮೂರ್ ಪಾರ್ಕ್‌ನಲ್ಲಿ ನಡೆದು, 1998ರಲ್ಲಿ ಹೋಮ್‌ಬುಶ್‌ಗೆ ಬಂತು. ಮೂರ್ ಪಾರ್ಕ್‌ಗೆ ಬಂದ ಮೇಲೆ ನಿಂತ ವರ್ಷಗಳ ಲೆಕ್ಕವೂ ಇದೆ: 1919ರಲ್ಲಿ ಇನ್‌ಫ್ಲುಯೆಂಜಾ, ಮಹಾಯುದ್ಧದಲ್ಲಿ 1942ರಿಂದ 1946, ಆಮೇಲೆ 2020ರ ಕೊರೋನಾ. ನಡೆಯದಿದ್ದಾಗ ಯಾಕೆ ನಡೆಯಲಿಲ್ಲ ಅಂತಲೂ ಬರೆದಿಟ್ಟಿದ್ದಾರೆ.

ಘಾಟಿ ಜಾತ್ರೆ ಎಂದಿನಿಂದ ಅಂತ ಊರಲ್ಲಿ ಕೇಳಿ ನೋಡಿ. "ತಾತನ ಕಾಲದಿಂದ" ಅನ್ನುತ್ತಾರೆ. ನಮ್ಮಲ್ಲಿ ಬರವಣಿಗೆ ಇರಲಿಲ್ಲ ಅಂತಲ್ಲ. ಮೈಸೂರು ಅರಸರ ದನ ಸಾಕುವ ಇಲಾಖೆಯಾದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ಕಥೆ ಪುಸ್ತಕಗಳಲ್ಲಿದೆ. ಅರಮನೆಯ ದನಕ್ಕೆ ಚರಿತ್ರೆ ಸಿಕ್ಕಿತು. ರೈತನ ಹಟ್ಟಿಯ ಹಳ್ಳಿಕಾರ್ ತಳಿಯ ಜೋಡಿಗೆ ಅಷ್ಟು ಸಿಗಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಇಲ್ಲಿಯದೆಲ್ಲ ಮೇಲು ಅಂತ ನಾನು ಹೇಳುವುದಿಲ್ಲ. ಶೋಬ್ಯಾಗ್ ಒಂದು ಕಾಲಕ್ಕೆ ಕಂಪನಿಗಳು ಬಿಟ್ಟಿ ಕೊಡುತ್ತಿದ್ದ ಸ್ಯಾಂಪಲ್ ಚೀಲ. ಈಗ ದುಡ್ಡು ಕೊಟ್ಟು ಪ್ಲಾಸ್ಟಿಕ್ ಆಟಿಕೆ ತರುತ್ತೇವೆ. ಪೇಟೆಯ ಜನಕ್ಕೆ ಇದು ಜಾಸ್ತಿ ಮಜಾ ಮಾಡುವ ಜಾಗ. ನಮ್ಮ ಜಾತ್ರೆ ಇವತ್ತಿಗೂ ವ್ಯಾಪಾರದ ಜಾಗ. ವಯಸ್ಸು ತಿಳಿಯಲು ಬಾಯಿ ತೆರೆದು ಹಲ್ಲು ಎಣಿಸುತ್ತಾರೆ: ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ. ಮೈ ಮೇಲಿನ ಸುಳಿ ಹುಡುಕುತ್ತಾರೆ. ಟವೆಲ್ ಅಡಿ ಬೆರಳು ಹಿಡಿದು ರೇಟು ಹೇಳುತ್ತಾರೆ. ಕೊಳ್ಳುವವನೇ ಅಲ್ಲಿ ತೀರ್ಪುಗಾರ. ಆದರೆ ಅವನ ತೀರ್ಪು ಟವೆಲ್ ಅಡಿಯಲ್ಲೇ ಉಳಿದುಬಿಡುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳವೂ ನನಗೆ ಇಷ್ಟ. ಹೊಸ ತಳಿ, ಯಂತ್ರ ಎಲ್ಲ ಒಂದೇ ಕಡೆ ನೋಡಬಹುದು, ರೈತರಿಗೆ ಪ್ರಶಸ್ತಿಯನ್ನೂ ಕೊಡುತ್ತಾರೆ. ಆದರೆ ಹೇಳುವವರು ಹೆಚ್ಚಾಗಿ ವಿಜ್ಞಾನಿಗಳು, ಕೇಳುವವರು ರೈತರು. ಒಂದು ಮಧ್ಯಾಹ್ನ ಮಾವನಂಥವರ ಕೈಗೆ ಮೈಕ್ ಕೊಟ್ಟು, ಎದುರಿಗೆ ನಾಲ್ಕು ಜೋಡಿ ಹೋರಿ ನಿಲ್ಲಿಸಿ, "ಯಾವುದು ಮೊದಲು, ಯಾಕೆ?" ಎಂದು ಕೇಳಬೇಕು. ಹೇಳಿದ್ದನ್ನು ಯಾರಾದರೂ ಬರೆದುಕೊಳ್ಳಬೇಕು.

ಆ ಸಂಜೆ ರೈಲಿನಲ್ಲಿ ಮಾವ ತಮ್ಮ ಅಪ್ಪ ಜಾತ್ರೆಯಿಂದ ಹೊಡೆದುಕೊಂಡು ಬಂದ ಒಂದು ಜೋಡಿಯ ಬಗ್ಗೆ ಹೇಳಲು ಶುರು ಮಾಡಿದರು. ಕೊಂಬು ಹೇಗಿತ್ತು, ಎಡಗಡೆಯದು ಹೇಗೆ ಸ್ವಲ್ಪ ಮುಂದೆ ಎಳೆಯುತ್ತಿತ್ತು, ಎಲ್ಲ ನೆನಪಿತ್ತು. ನಾನು ಫೋನ್ ತೆಗೆದು ರೆಕಾರ್ಡ್ ಒತ್ತಿದೆ. ಸ್ಟೇಷನ್ ಬಂದರೂ ಕಥೆ ಮುಗಿದಿರಲಿಲ್ಲ.