ಅಮ್ಮನ ಕಲ್ಲುಪ್ಪು, ರೆಡ್ಡಿಂಗಿನ ರೇಖಿ

ನಾವಿರುವ ಇಂಗ್ಲೆಂಡಿನ ಊರನ್ನು ಬರೆಯುವುದು ‘ರೀಡಿಂಗ್’ ಅಂತ, ಕರೆಯುವುದು ‘ರೆಡ್ಡಿಂಗ್’ ಅಂತ. ಮಧುಗಿರಿಯಿಂದ ಆರು ತಿಂಗಳಿಗೆಂದು ಬಂದಿರುವ ಅಪ್ಪನಿಗೆ ಮೊದಲ ದಿನದಿಂದಲೂ ಇದು ರೆಡ್ಡಿಗಳ ಊರು. ಇಲ್ಲಿನ ಚರ್ಚ್ ಒಂದರ ಪಕ್ಕದ ಹಾಲ್‌ನಲ್ಲಿ ಒಂದು ಶನಿವಾರ ನಾವು ಐದೂ ಜನ ರೇಖಿ ಕ್ಲಾಸಿಗೆ ಹೋಗಿದ್ದೆವು. ರೇಖಿ ಅಂದರೆ ಕೈ ಇಟ್ಟು ಗುಣ ಮಾಡುತ್ತೇವೆ ಅನ್ನುವ ಜಪಾನಿ ಪದ್ಧತಿ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಅಪ್ಪ, ಅಮ್ಮ.

ಆಸೆ ಹೆಂಡತಿಯದು. ಅವಳಿಗೆ ಮೈಗ್ರೇನ್. ಮಾತ್ರೆ ಇದೆ, ಸ್ಪೆಷಲಿಸ್ಟ್ ಹತ್ತಿರ ಹೋಗಲು ತಿಂಗಳುಗಟ್ಟಲೆ ಕಾಯುವ ಸಾಲೂ ಇದೆ. ಆಫೀಸಿನ ಗೆಳತಿ ಯಾರೋ ಹೇಳಿದರು, ಇವಳು ಹಣ ಕಟ್ಟಿಬಿಟ್ಟಳು. ಅಪ್ಪ ಅಮ್ಮನನ್ನು ಮನೆಯಲ್ಲೇ ಬಿಟ್ಟು ಹೋಗಬಹುದಿತ್ತು. ಆದರೆ ಹಿಂದಿನ ವಾರದ ಗಲಾಟೆ ನೆನಪಿತ್ತಲ್ಲ. ಮೊಮ್ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಅಮ್ಮ ಊರಿಂದ ತಂದ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದಳು. ಸುಡೋಣ ಅಂದರೆ ನಮ್ಮದು ಇಂಡಕ್ಷನ್ ಒಲೆ, ಬೆಂಕಿಯೇ ಇಲ್ಲ. ಬಾಣಲೆಗೆ ಹಾಕಿ ಕಾಯಿಸಿದಳು. ಸ್ಮೋಕ್ ಅಲಾರಂ ಬಡಿದುಕೊಂಡಿತು. ಪಕ್ಕದ ಮನೆಯವರು ಡ್ರೆಸ್ಸಿಂಗ್ ಗೌನಿನಲ್ಲೇ ಬಾಗಿಲು ತಟ್ಟಿದರು. ನಾವೆಲ್ಲ ಕೆಮ್ಮುತ್ತಾ ಹೊರಗೆ ನಿಂತಿದ್ದರೆ ಅಮ್ಮ ಮಾತ್ರ ನಿರಾಳ. “ಇಷ್ಟು ಘಾಟು ಬಂತಲ್ಲ, ಹಂಗಾದ್ರೆ ದೃಷ್ಟಿ ಆಗಿರಲಿಲ್ಲ ಬಿಡು.”

ಕ್ಲಾಸಿನ ಟೀಚರಿಗೆ ಅರವತ್ತರ ಮೇಲಿರಬೇಕು. ಹಿಂದೆ ನರ್ಸ್ ಆಗಿದ್ದವರು. ಒಬ್ಬೊಬ್ಬರಿಗೆ ನೂರಿಪ್ಪತ್ತು ಪೌಂಡ್, ಮಗಳಿಗೆ ಅರ್ಧ. ಅಪ್ಪ ಕುರ್ಚಿಯಲ್ಲಿ ಕೂರುವ ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದರು. “ಒಂದು ತಲೆಗೆ ಹನ್ನೆರಡು ಸಾವಿರ ದಾಟಿತು ಕಣೋ. ಕೈ ಇಡೋದಕ್ಕೆ!”

ಅಪ್ಪನ ವಿಷಯ ಸ್ವಲ್ಪ ಹೇಳಬೇಕು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರಗಳನ್ನೂ ಬರೆದರು, ಉತ್ತರ ಬರಲಿಲ್ಲ. ಅಪ್ಪ ಆಗ ಬಿಎಸ್ಸಿ ಹುಡುಗ. ಎಚ್ಚೆನ್ ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನವರು ಅನ್ನುವ ಹೆಮ್ಮೆ ಬೇರೆ. ಬುಧವಾರ ಬಂದರೆ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸಕ್ಕೆ ಹೋಗುತ್ತಿದ್ದರಂತೆ. ಅಂಥವರು ಜೀವನಪೂರ್ತಿ ದೃಷ್ಟಿ ತೆಗೆಯುವ ಹೆಂಡತಿಯ ಜೊತೆ ಸಂಸಾರ ಮಾಡಿದ್ದಾರೆ. ಅದು ಹೇಗೆ ಅಂತ ಕೇಳಿದರೆ, “ಅವಳು ನಿವಾಳಿಸೋವಾಗ ನಾನು ಪೇಪರ್ ಓದ್ತೀನಿ” ಅನ್ನುತ್ತಾರೆ.

ಟೀಚರ್ ಮೊದಲು ರೇಖಿಯ ಕಥೆ ಹೇಳಿದರು. ಜಪಾನಿನ ಮಿಕಾವೊ ಉಸುಯಿ ಎಂಬುವರು 1922ರಲ್ಲಿ ಕ್ಯೋಟೊ ಹತ್ತಿರದ ಕುರಾಮ ಬೆಟ್ಟದಲ್ಲಿ ಇಪ್ಪತ್ತೊಂದು ದಿನ ಉಪವಾಸ ಕೂತರು, ಅವರಿಗೆ ಶಕ್ತಿ ಬಂತು. ಮಗಳು ಇದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅಮ್ಮ ತಲೆದೂಗಿದಳು. ಬೆಟ್ಟ, ಉಪವಾಸ, ವರ. ಅವಳಿಗೆ ಹೊಸದೇನೂ ಇರಲಿಲ್ಲ. ಆಮೇಲೆ ಉಸುಯಿ ಕ್ರೈಸ್ತ ಕಾಲೇಜೊಂದರ ಮುಖ್ಯಸ್ಥರಾಗಿದ್ದರು, ಚಿಕಾಗೊದಲ್ಲಿ ಓದಿದ್ದರು ಅನ್ನುವ ಮಾತೂ ಬಂತು. ಮನೆಗೆ ಬಂದು ನಾನು ಹುಡುಕಿ ಓದಿದೆ. ಅದಕ್ಕೆ ಯಾವ ದಾಖಲೆಯೂ ಸಿಕ್ಕಿಲ್ಲ. ರೇಖಿಯನ್ನು ಪಶ್ಚಿಮಕ್ಕೆ ಒಯ್ದವರು ಹವಾಯಿಯಲ್ಲಿ ಹುಟ್ಟಿದ ಜಪಾನಿ ಮೂಲದ ಹೆಂಗಸು, ಹವಾಯೊ ತಕಾತ. ಎರಡನೇ ಮಹಾಯುದ್ಧ ಆದಮೇಲೆ ಅಮೆರಿಕದವರಿಗೆ ಜಪಾನಿನ ಸರಕು ಒಪ್ಪಿಸಬೇಕಿತ್ತಲ್ಲ, ಅದಕ್ಕೇ ಈ ಕ್ರೈಸ್ತ ಮೇಷ್ಟರ ಕಥೆ ಸೇರಿಕೊಂಡಿತು ಅನ್ನುವವರಿದ್ದಾರೆ. ಓಹೋ, ಸ್ಥಳಪುರಾಣ ಕಟ್ಟುವುದು ನಮ್ಮವರಿಗೆ ಮಾತ್ರ ಬರುತ್ತೆ ಅಂದುಕೊಂಡಿದ್ದೆ.

ಆಮೇಲೆ ‘ಅಟ್ಯೂನ್‌ಮೆಂಟ್’. ದೀಕ್ಷೆ ಅನ್ನಿ. ಕಣ್ಣು ಮುಚ್ಚಿ ಕೂತವರ ಹಿಂದೆ ಟೀಚರ್ ನಿಂತು, ತಲೆಯ ಮೇಲೆ ಕೈಯಾಡಿಸಿ, ಏನೋ ಗೆರೆ ಎಳೆದು, ಉಫ್ ಅಂತ ಊದುತ್ತಾರೆ. ಅಮ್ಮ ಪಿಸುಗುಟ್ಟಿದಳು. “ಲೋ, ತೋಟದ ಮನೆ ಅಜ್ಜ ಊದೋ ಹಂಗೇ ಊದಿದಳಲ್ಲೋ.”

ತೋಟದ ಮನೆ ಅಜ್ಜ ನಮ್ಮೂರಲ್ಲಿ ಚೇಳಿನ ಮಂತ್ರ ಹಾಕುತ್ತಿದ್ದವರು. ಕಲ್ಲುಬಂಡೆಯ ಸೀಮೆ, ಚೇಳಿಗೆ ಬರವೇ? ಕಚ್ಚಿಸಿಕೊಂಡವರು ಅವರ ಜಗಲಿ ಮೇಲೆ ಕೂರುತ್ತಿದ್ದರು. ಅಜ್ಜ ಬೇವಿನ ಸೊಪ್ಪಿನಿಂದ ಮೇಲಿಂದ ಕೆಳಕ್ಕೆ ಇಳಿಸುತ್ತಾ ಊದುತ್ತಿದ್ದರು. ಗ್ರಹಣದ ಹೊತ್ತಿನಲ್ಲಿ ನೀರಲ್ಲಿ ನಿಂತು ಕಲಿತ ಮಂತ್ರವಂತೆ, ಯಾರಿಗೂ ಹೇಳುವ ಹಾಗಿಲ್ಲ. ರೇಖಿಯಲ್ಲೂ ಎರಡನೇ ಹಂತದ ಗುರುತುಗಳನ್ನು ಗುಟ್ಟಾಗಿ ಇಡಬೇಕು ಅಂತ ಟೀಚರ್ ಹೇಳಿದಾಗ ಅಪ್ಪ ನನ್ನ ಮೊಣಕೈ ತಿವಿದರು.

ಎರಡೂ ಬೇರೆಯಾಗುವುದು ದುಡ್ಡಿನ ವಿಷಯದಲ್ಲಿ. ಅಜ್ಜ ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಕಾಸು ತಗೊಂಡರೆ ಮಂತ್ರ ಫಲಿಸುವುದಿಲ್ಲ ಅನ್ನುವುದು ಅವರ ನಿಯಮ. ಬೇಕಾದರೆ ಮುಂದೆ ಯಾವಾಗಲೋ ಒಂದು ತೆಂಗಿನಕಾಯಿ, ಎಲೆ ಅಡಿಕೆ ಕೊಟ್ಟು ಬರಬಹುದು. ತಕಾತ ಹೇಳುತ್ತಿದ್ದ ಕಥೆ ಇದಕ್ಕೆ ಪೂರಾ ತಿರುಗಾಮುರುಗಾ. ಉಸುಯಿ ಭಿಕ್ಷುಕರಿಗೆ ಬಿಟ್ಟಿಯಾಗಿ ಗುಣ ಮಾಡಿದರಂತೆ. ಅವರು ವಾಸಿಯಾದ ಮೇಲೂ ಮತ್ತೆ ತಿರುಪೆಗೇ ಹೋದರಂತೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ, ಆದ್ದರಿಂದ ಕಾಸು ಕೊಡಲೇಬೇಕು. ತಕಾತ ಮಾಸ್ಟರ್ ಹಂತಕ್ಕೆ 10,000 ಡಾಲರ್ ತೆಗೆದುಕೊಳ್ಳುತ್ತಿದ್ದರು. 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ 22 ಮಾಸ್ಟರ್‌ಗಳನ್ನು ತಯಾರು ಮಾಡಿದ್ದರು. ಎರಡು ನಿಯಮಗಳಲ್ಲಿ ಯಾವುದು ಜಾಣತನದ್ದು ಅಂತ ಕೇಳಿದರೆ ತಕಾತ ಅವರದ್ದೇ. ಯಾವುದು ಕಡಿಮೆ ಅನಾಹುತ ಮಾಡುತ್ತದೆ ಅಂತ ಕೇಳಿದರೆ ನಾನು ಅಜ್ಜನ ಕಡೆ. ದುಡ್ಡು ಬರುವುದಿಲ್ಲ ಅಂದಮೇಲೆ “ಇನ್ನೂ ಹತ್ತು ಸಲ ಬಾ” ಅನ್ನುವ ಆಸೆಯೂ ಇರಲ್ಲ, ಅಲ್ವಾ?

ಹಾಗಂತ ಅಜ್ಜನ ಜಗಲಿ ಸುಖದ್ದೇ ಆಗಿತ್ತು ಅನ್ನಲಾರೆ. ಸಾಮಾನ್ಯ ಚೇಳು ಕಚ್ಚಿದರೆ ಒಂದು ದಿನ ಉರಿದು ತಾನೇ ಇಳಿಯುತ್ತದೆ. ಹೆಸರು ಮಂತ್ರಕ್ಕೆ ಬರುತ್ತದೆ. ಕೆಂಪು ಚೇಳು ಹಾಗಲ್ಲ. ಅದು ಮಕ್ಕಳ ಹೃದಯಕ್ಕೇ ಕೈ ಹಾಕುತ್ತದೆ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಅದಕ್ಕೆ ಮದ್ದು ತೋರಿಸಿಕೊಟ್ಟರು. ಪ್ರಾಜೋಸಿನ್ ಅನ್ನುವ ಬಿಪಿ ಮಾತ್ರೆ. ಬೇವಿನ ಸೊಪ್ಪಿನ ಕೆಳಗೆ ಮಗು ಕೂತಷ್ಟು ಹೊತ್ತೂ ಆ ಮಾತ್ರೆ ದೂರವೇ ಉಳಿಯುತ್ತದೆ.

ಈಗ ಇಂಗ್ಲೆಂಡಿನ ಪರವಾಗಿ ಒಂದು ಮಾತು. ನನಗೆ ಆ ದಿನ ನಿಜವಾಗಿ ಇಷ್ಟವಾಗಿದ್ದು ಒಂದು ಹಾಳೆ. ಬಾಗಿಲಲ್ಲೇ ಕೊಟ್ಟರು, ಓದಿ ಸಹಿ ಮಾಡಬೇಕು. ಇದು ವೈದ್ಯಕೀಯ ಚಿಕಿತ್ಸೆ ಅಲ್ಲ. ನಿಮ್ಮ ಮಾತ್ರೆ ನಿಲ್ಲಿಸಬೇಡಿ. ಮುಟ್ಟುವುದು ಬೇಡ ಅನಿಸಿದರೆ ಹೇಳಿ, ಕೈ ದೂರ ಇಟ್ಟು ಮಾಡುತ್ತೇವೆ. ಅಪ್ಪನಿಗೆ ಬಿಪಿ ಇದೆ ಅಂತ ಗೊತ್ತಾದಾಗ ಟೀಚರ್ ಎರಡು ಸಲ ಕೇಳಿದರು, ಬೆಳಗಿನ ಮಾತ್ರೆ ಆಯಿತಾ ಅಂತ. ಇದೆಲ್ಲ ಅವರ ಒಳ್ಳೆಯತನ ಅಷ್ಟೇ ಇರಲಿಕ್ಕಿಲ್ಲ. ಇಲ್ಲಿ 1939ರಿಂದಲೂ ಕ್ಯಾನ್ಸರ್ ಕಾನೂನು ಅಂತ ಒಂದಿದೆ. ಕ್ಯಾನ್ಸರ್ ಗುಣ ಮಾಡುತ್ತೇವೆ ಅಂತ ಜನರಿಗೆ ಜಾಹೀರಾತು ಕೊಡುವ ಹಾಗಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. ಇಂಥ ಜಾಹೀರಾತು ತಡೆಯುವ 1954ರದ್ದು. ತಾಯತ, ಮಂತ್ರ, ಕವಚ ಅನ್ನುವ ಪದಗಳೇ ಅದರಲ್ಲಿವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲ ಪಟ್ಟಿಯಲ್ಲಿವೆ. ಆದರೂ ನನ್ನ ಸೋದರಮಾವ ಊರ ಹತ್ತಿರದ ಒಂದು ‘ಶಕ್ತಿ ಚಿಕಿತ್ಸೆ’ ಶಿಬಿರಕ್ಕೆ ಹೋಗಿ, ಅಲ್ಲಿ ಯಾರೋ ಹೇಳಿದ ಮಾತು ನಂಬಿ, ಸಕ್ಕರೆ ಮಾತ್ರೆ ಬಿಟ್ಟರು. ಕಾಲಿನ ಗಾಯ ವಾಸಿಯಾಗಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು. ಅಲ್ಲಿ ಯಾರೂ ಯಾವ ಹಾಳೆಗೂ ಸಹಿ ಹಾಕಿಸಿಕೊಂಡಿರಲಿಲ್ಲ.

ತಮಾಷೆ ಅಂದರೆ ಬೆಂಗಳೂರಿನಲ್ಲಿರುವ ನನ್ನ ತಂಗಿ ಪ್ರಾಣಿಕ್ ಹೀಲಿಂಗ್ ಕಲಿತಿದ್ದಾಳೆ. ಅದು ಫಿಲಿಪ್ಪೀನ್ಸ್‌ನ ಚೋವ ಕೋಕ್ ಸುಯಿ ಶುರು ಮಾಡಿದ ಪದ್ಧತಿ. ಅದರಲ್ಲಿ ಮೈ ಮುಟ್ಟುವುದೇ ಇಲ್ಲ. ಕೆಟ್ಟ ಶಕ್ತಿಯನ್ನು ಗಾಳಿಯಲ್ಲೇ ಬಾಚಿ, ಪಕ್ಕದಲ್ಲಿಟ್ಟ ಉಪ್ಪು ನೀರಿನ ಬಟ್ಟಲಿಗೆ ಕೊಡವುತ್ತಾರೆ. ಅಮ್ಮ ಉಪ್ಪು ನಿವಾಳಿಸಿದರೆ “ಮೂಢನಂಬಿಕೆ ಬಿಡಮ್ಮ” ಅನ್ನುತ್ತಿದ್ದವಳು ಇವಳೇ. ಮನಿಲಾದಿಂದ ಸುತ್ತಿಕೊಂಡು ಬಂದ ಉಪ್ಪಿಗೆ ಫೀಸು ಕಟ್ಟಿದಳು. ನಾನೇನು ಕಮ್ಮಿ? ಅಮ್ಮನಿಗೆ ವರ್ಷಗಟ್ಟಲೆ ಬುದ್ಧಿ ಹೇಳಿದವನು, ಶೂ ಬಿಚ್ಚಿಟ್ಟು, ಕಣ್ಣು ಮುಚ್ಚಿ, ಜಪಾನಿ ಉಫ್‌ಗೆ ತಲೆ ಕೊಟ್ಟು ಕೂತಿದ್ದೆ. ಅಮ್ಮ ಹೇಳಿದ್ದನ್ನು ಒಪ್ಪಿಕೊಳ್ಳಲು ನಮಗೆ ನಾಚಿಕೆ. ಅದನ್ನೇ ಬೇರೆ ದೇಶದವರು ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟ್ ಜೊತೆ ಕೊಟ್ಟರೆ ಗೋಡೆಗೆ ಹಾಕುತ್ತೇವೆ.

ಕೈಯಿಂದ ಶಕ್ತಿ ಹರಿಯುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಕ್ಲಾಸಿನಲ್ಲಿ ಹೆಂಡತಿಗೆ ಬಿಸಿ ಅನಿಸಿತು, ಅಮ್ಮನಿಗೆ ಜುಮ್ ಅಂತು, ನನಗೆ ಹಸಿವಾಯಿತು. ಮಾರನೇ ದಿನ ಮಗಳಿಗೆ ಎಮಿಲಿ ರೋಸಾ ಕಥೆ ಹೇಳಿದೆ. ಅಮೆರಿಕದ ಒಂಬತ್ತು ವರ್ಷದ ಹುಡುಗಿ. ರೇಖಿಗೆ ಹತ್ತಿರದ ಥೆರಪ್ಯೂಟಿಕ್ ಟಚ್ ಮಾಡುವ 21 ಜನರನ್ನು ಪರೀಕ್ಷೆ ಮಾಡಿದಳು. ಮಧ್ಯೆ ಒಂದು ರಟ್ಟಿನ ಅಡ್ಡ. ಅವರು ಅದರ ತೂತಿನಿಂದ ಎರಡೂ ಕೈ ಈಚೆ ಚಾಚಬೇಕು. ಇವಳು ಒಂದರ ಮೇಲೆ, ಮುಟ್ಟದೆ, ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಹತ್ತಿರ ಅಂತ ಅವರು ಹೇಳಬೇಕು. 280 ಸಲ ಕೇಳಿದ್ದರಲ್ಲಿ ಸರಿಯಾಗಿದ್ದು ಶೇಕಡ 44. ನಾಣ್ಯ ಚಿಮ್ಮಿದ್ದರೂ ಅರ್ಧ ಸರಿಯಾಗುತ್ತಿತ್ತು. 1998ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಇದು ಅಚ್ಚಾಯಿತು.

ಮಗಳು ತಕ್ಷಣ ಅಮೆಜಾನ್ ಡಬ್ಬ ಕತ್ತರಿಸಿದಳು. ಅಪ್ಪನಿಗೆ ಇಪ್ಪತ್ತೈದು ವರ್ಷ ಕಡಿಮೆಯಾದ ಹಾಗಿತ್ತು. ಪೆನ್ನು ಹಿಡಿದು ಗೆರೆ ಎಳೆದು ಅಂಕಿ ಬರೆಯಲು ಕೂತರು. ಇಪ್ಪತ್ತಕ್ಕೆ ಹೆಂಡತಿ ಹನ್ನೊಂದು, ನಾನು ಎಂಟು, ಅಮ್ಮ ಒಂಬತ್ತು. ಅಪ್ಪ ಗೆದ್ದವರ ಮುಖ ಮಾಡಿಕೊಂಡು ಅಮ್ಮನ ಕಡೆ ನೋಡಿದರು.

“ಮುಟ್ಟೋದು ಬಿಟ್ಟು, ಮುಟ್ಟದೇ ಹೇಳು ಅಂದ್ರೆ ಯಾರಿಗೆ ಗೊತ್ತಾಗುತ್ರೀ?” ಅಂದಳು ಅಮ್ಮ.

ಅಪ್ಪ ಉತ್ತರ ಹುಡುಕುತ್ತಿದ್ದರು. ನಾನೂ ಹುಡುಕುತ್ತಿದ್ದೇನೆ. ಕ್ಲಾಸಿನಲ್ಲಿ ಜೋಡಿ ಮಾಡುವಾಗ ಟೀಚರ್ ನನ್ನನ್ನೂ ಅಪ್ಪನನ್ನೂ ಸೇರಿಸಿದ್ದರು. ಹದಿನೈದು ನಿಮಿಷ ಅಪ್ಪನ ಎರಡು ಕೈ ನನ್ನ ಹೆಗಲ ಮೇಲಿದ್ದವು. ಊರಿಗೆ ಹೋದಾಗ ನಾನು ಅವರ ಕಾಲು ಮುಟ್ಟುತ್ತೇನೆ. ಅವರು ಗಾಳಿಯಲ್ಲೇ ಆಶೀರ್ವಾದ ಮಾಡುತ್ತಾರೆ, ಪ್ರಾಣಿಕ್ ಹೀಲಿಂಗ್ ಥರ. ಅದು ಬಿಟ್ಟರೆ ನಮ್ಮಿಬ್ಬರ ನಡುವೆ ಮುಟ್ಟುವ ವ್ಯವಹಾರವೇ ಇಲ್ಲ. ಅವರ ಕೈ ಸ್ವಲ್ಪ ನಡುಗುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ. ಡಾಕ್ಟರ್ ಹತ್ತಿರ ತೋರಿಸಬೇಕು ಅಂತ ಅಂದೇ ಬರೆದಿಟ್ಟುಕೊಂಡೆ.

ಕಳೆದ ಗುರುವಾರ ಹೆಂಡತಿಗೆ ಮತ್ತೆ ತಲೆನೋವು ಬಂತು. ಮಾತ್ರೆ ನುಂಗಿ, ಪರದೆ ಎಳೆದು ಮಲಗಿದ್ದಳು. ನಮ್ಮನೆಯಲ್ಲಿ ಇಂಥ ಹೊತ್ತಿಗೆ ಅಮ್ಮ ನೇರ ಒಳಗೆ ಹೋಗಿ, ಅಮೃತಾಂಜನ ಅರ್ಧ ಬಾಟಲಿ ಬಳಿದು, ತಲೆ ಒತ್ತಲು ಶುರು ಮಾಡುವುದು ರೂಢಿ. ಆ ವಾಸನೆಗೇ ಇವಳಿಗೆ ತಲೆನೋವು ಇನ್ನೂ ಜಾಸ್ತಿಯಾಗುತ್ತದೆ. ಹನ್ನೆರಡು ವರ್ಷದಿಂದ ಹೇಳಲಾಗದೆ ಸಹಿಸಿಕೊಂಡಿದ್ದಾಳೆ. ಅವತ್ತು ಅಮ್ಮ ಬಾಗಿಲಲ್ಲೇ ನಿಂತಳು.

“ಮುಟ್ಲೇನಮ್ಮಾ?”

ಒಳಗಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಹೂಂ ಅತ್ತೆ. ಅಮೃತಾಂಜನ ಮಾತ್ರ ಬೇಡ.”

ಅಮ್ಮ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.