ಪಲ್ಯಕ್ಕೆ ನಿಂಬೆ ಹಿಂಡಿ, ಚಹಾ ಆಮೇಲೆ ಕೊಡಿ

ಹೈಸ್ಕೂಲು ಹೆಣ್ಣುಮಕ್ಕಳು ಸೊಪ್ಪು ತಿಂದರೂ ರಕ್ತಹೀನತೆ ಯಾಕೆ ಹೋಗುತ್ತಿಲ್ಲ ಎಂದು ಲೇಖನದಲ್ಲಿ ಕೇಳಿದ್ದೀರಿ. ಮೊದಲು ಚಹಾದ ಹೊತ್ತು ನೋಡಿ. ತಿಂಡಿ ತಟ್ಟೆಯ ಪಕ್ಕದಲ್ಲೇ ಲೋಟ ಇರುತ್ತದಲ್ಲ, ಅದರಲ್ಲಿನ ಟ್ಯಾನಿನ್ ಎಂಬ ಒಗರು ಪದಾರ್ಥ ಊಟದ ಕಬ್ಬಿಣಾಂಶವನ್ನು ಹಿಡಿದುಕೊಂಡು ಕರುಳಿಗೆ ಹೀರಲು ಬಿಡುವುದಿಲ್ಲ. ಕನಿಷ್ಠ 1 ಗಂಟೆ ಅಂತರವಿರಲಿ. ಕಾಳು ಮೊಳಕೆ ಕಟ್ಟಿಯೇ ಬಳಸಿ, ಅದರ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುತ್ತದೆ. ಪಲ್ಯಕ್ಕೆ ಅರ್ಧ ಹೋಳು ನಿಂಬೆ ಹಿಂಡಿ, ಆದರೆ ಒಲೆಯಿಂದ ಇಳಿಸಿದ ಮೇಲೆ; ಕುದಿಯುವಾಗ ಹಾಕಿದರೆ, ಕಬ್ಬಿಣಾಂಶ ಹೀರಲು ನೆರವಾಗುವ ಸಿ ಜೀವಸತ್ವ ಹಾಳಾಗುತ್ತದೆ.

ಇನ್ನು ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣ ಇದೆ. ಖಾಲಿ ಹೊಟ್ಟೆಗೆ ನುಂಗಿಸಿದರೆ ವಾಕರಿಕೆ ಬರುತ್ತದೆ, ಮುಂದಿನ ವಾರ ಮಗು ಅದನ್ನು ಸದ್ದಿಲ್ಲದೆ ಕಿಟಕಿಯಾಚೆ ಎಸೆಯುತ್ತದೆ. ದಯವಿಟ್ಟು ಬಿಸಿಯೂಟ ಆದ ಮೇಲೆ ಕೊಡಿ, ನೀರಿನ ಜೊತೆ, ಹಾಲಿನ ಜೊತೆಯಲ್ಲ. ಮಲ ಕಪ್ಪಗಾಗಬಹುದು ಎಂದು ಮೊದಲೇ ಹೇಳಿಬಿಡಿ. ಅದನ್ನು ಕಂಡು ಹೆದರಿ ಮಾತ್ರೆ ಬಿಟ್ಟವರೇ ಬಹಳ.